ಹಿಂದಿನ ಸಾಲಿನ ಅಜ್ಜಿಗೆ ಪ್ರಸಂಗ ತಿಳಿಯಿತೇ?



"ನಮ್ಮ ಸಭೆ ಬೆಳೆಯುತ್ತಿದೆ" ಎಂದು ನಾವು ಹೇಳುವುದು ಯಾವಾಗ? ಹೊಸ ಕೀಬೋರ್ಡ್ ಬಂದಾಗ, ದೊಡ್ಡ ಸ್ಪೀಕರ್ ಇಟ್ಟಾಗ, ನೆಲಕ್ಕೆ ಟೈಲ್ಸ್ ಹಾಕಿಸಿದಾಗ. ಇವು ಬೇಡವೆಂದಲ್ಲ. ಆದರೆ ಇವು ಸಭೆಯೂ ಅಲ್ಲ. ದಾಮರಗಿದ್ದದಂಥ ಊರಿನಲ್ಲಿ ಸಭೆಯನ್ನು ಅಳೆಯಲು ಒಂದೇ ಪ್ರಶ್ನೆ ಸಾಕು: ಹಿಂದಿನ ಸಾಲಿನಲ್ಲಿ ಕುಳಿತ, ಕನ್ನಡ ಮಾತ್ರ ಬಲ್ಲ ಅಜ್ಜಿಗೆ ಈ ಭಾನುವಾರದ ಪ್ರಸಂಗ ತಿಳಿಯಿತೇ?

ನಮ್ಮದು ಗಡಿ ಸೀಮೆ. 1956ರ ನವೆಂಬರ್ 1ರಂದು ಹೈದರಾಬಾದ್ ರಾಜ್ಯ ಹಂಚಿಹೋದಾಗ ರಾಯಚೂರು ಜಿಲ್ಲೆ ಮೈಸೂರಿಗೆ ಸೇರಿತು. ಅದರ ಗದ್ವಾಲ, ಆಲಂಪುರ ತಾಲೂಕುಗಳು ಆಂಧ್ರಕ್ಕೆ ಬಂದವು. 2014ರಲ್ಲಿ ತೆಲಂಗಾಣವಾಯಿತು, 2019ರಲ್ಲಿ ನಾರಾಯಣಪೇಟೆ ಜಿಲ್ಲೆಯಾಯಿತು. ಗೆರೆಗಳು ಬದಲಾದರೂ ಎಷ್ಟೋ ಮನೆಗಳ ಒಲೆಯ ಮುಂದಿನ ಮಾತು ಕನ್ನಡವಾಗಿಯೇ ಉಳಿಯಿತು. ದುಡಿಯುವ ವಯಸ್ಸಿನವರು ಹೈದರಾಬಾದು, ಬೆಂಗಳೂರು, ಮುಂಬೈ ಎಂದು ಹೊರಟಾಗ ಊರಲ್ಲಿ ಉಳಿಯುವವರು ಈ ಹಿರಿಯರೇ. ಇವರಿಗೆ ತಿಳಿಯದ ಮಾತಿನಲ್ಲಿ ಆರಾಧನೆ ನಡೆಸಿ, ಕಾಣಿಕೆಯ ಹೊತ್ತಿಗೆ ಮಾತ್ರ ಇವರ ಮುಂದೆ ಚೀಲ ಹಿಡಿದರೆ ಅದು ಅನ್ಯೋನ್ಯತೆಯೇ?

ಇದು ಹೊಸ ಜಗಳವಲ್ಲ. ಅಪೊಸ್ತಲರ ಕೃತ್ಯಗಳು 6ನೇ ಅಧ್ಯಾಯ ತೆರೆಯಿರಿ. ಯೆರೂಸಲೇಮಿನ ಸಭೆಯಲ್ಲಿ ದಿನದ ಉಪಚಾರ ಹಂಚುವಾಗ ಗ್ರೀಕ್ ಮಾತಾಡುವ ವಿಧವೆಯರನ್ನು ಕಡೆಗಣಿಸಲಾಯಿತು. ಗುಣುಗುಟ್ಟುವಿಕೆ ಎದ್ದಿತು. ಅಪೊಸ್ತಲರು "ನಮ್ಮ ಭಾಷೆ ಕಲಿತು ಬನ್ನಿ" ಎನ್ನಲಿಲ್ಲ. "ಗುಣುಗುಟ್ಟಿ ಸಭೆ ಒಡೆಯಬೇಡಿ" ಎಂದು ಗದರಿಸಲೂ ಇಲ್ಲ. ಏಳು ಮಂದಿಯನ್ನು ಆರಿಸಿಕೊಳ್ಳಿ ಎಂದರು. ಸ್ತೆಫನನಿಂದ ನಿಕೊಲಾಯನವರೆಗೆ ಆ ಏಳೂ ಹೆಸರುಗಳು ಗ್ರೀಕ್ ಹೆಸರುಗಳು! ಯಾರ ಕಡೆಯವರಿಗೆ ಅನ್ಯಾಯವಾಗಿತ್ತೋ ಅವರ ಮಾತು ಬಲ್ಲವರ ಕೈಗೇ ಹಂಚುವ ಕೆಲಸ ಹೋಯಿತು. ಸಭೆ ಒಡೆಯಲಿಲ್ಲ, ಶಿಷ್ಯರ ಸಂಖ್ಯೆ ಹೆಚ್ಚಿತು ಎಂದು ಅದೇ ಅಧ್ಯಾಯ ಹೇಳುತ್ತದೆ.

"ಎರಡು ಭಾಷೆ ತಂದರೆ ಎರಡು ಗುಂಪಾಗುತ್ತದೆ" ಎನ್ನುವ ಹಿರಿಯರಿದ್ದಾರೆ. ಅವರ ಭಯ ಸುಳ್ಳಲ್ಲ. ಆದರೆ ಗುಂಪು ಆಗಲೇ ಆಗಿದೆ: ತಿಳಿದವರು ಮುಂದೆ, ತಿಳಿಯದವರು ಹಿಂದೆ. ಪಂಚಾಶತ್ತಮ ದಿನದಲ್ಲಿ ಪವಿತ್ರಾತ್ಮನು ಎಲ್ಲರಿಗೂ ಒಂದೇ ಭಾಷೆ ಕೊಡಲಿಲ್ಲ. ಪ್ರತಿಯೊಬ್ಬರೂ ಅವರವರ ಭಾಷೆಯಲ್ಲೇ ಕೇಳುವಂತೆ ಮಾಡಿದನು. ಇದು ಕನ್ನಡದ ಅಭಿಮಾನದ ಮಾತೂ ಅಲ್ಲ. ರಾಯಚೂರಿನ ಕನ್ನಡ ಸಭೆಯಲ್ಲಿ ತೆಲುಗು ಅಜ್ಜಿಯೊಬ್ಬರು ಸುಮ್ಮನೆ ಕುಳಿತಿದ್ದರೆ ಅಲ್ಲಿಯವರಿಗೂ ಇದೇ ಪ್ರಶ್ನೆ.

ಹಾಗಾದರೆ ಏನು ಮಾಡೋಣ? ಸಭಾಪಾಲಕರ ಮೇಲೆ ಹೊರೆ ಹಾಕಿ ಸುಮ್ಮನಾಗುವುದು ಬೇಡ. ಎರಡೂ ಭಾಷೆ ಬಲ್ಲವರು ನಾವೇ. ಪ್ರತಿ ಭಾನುವಾರ ಒಬ್ಬರು ವಾಕ್ಯಭಾಗವನ್ನು ಕನ್ನಡದಲ್ಲೂ ಓದಲಿ. ಪ್ರಸಂಗದ ಸಾರವನ್ನು ಐದು ನಿಮಿಷ ಹೇಳಲಿ. ವಾರಕ್ಕೊಮ್ಮೆ ಇಬ್ಬರು ಹಿರಿಯರ ಮನೆಗೆ ಹೋಗಿ, ಅವರ ಮಾತಿನಲ್ಲೇ ಪ್ರಾರ್ಥಿಸಿ, ಔಷಧ ಮುಗಿದಿದೆಯೇ, ಪಿಂಚಣಿ ಬಂತೇ ಎಂದು ಕೇಳಲಿ. ಸಭೆಯ ಕಮಿಟಿಯಲ್ಲಿ ಕನ್ನಡದ ಮನೆಯವರಿಗೂ ಜಾಗವಿರಲಿ.

ಇದಕ್ಕೆ ಒಂದು ರೂಪಾಯಿಯೂ ಬೇಡ. ಕೀಬೋರ್ಡಿಗೆ ಚಂದಾ ಎತ್ತಲು ನಮಗೆ ಸಮಯ ಸಿಕ್ಕಿತ್ತು. ಇದಕ್ಕೂ ಸಿಗಬೇಕು.