ಹಿಮೋಗ್ಲೋಬಿನ್ ಹದಿಮೂರೇ ಆಗಬೇಕೆ?

ಬೆಟಗೇರಿ ಕಡೆ ಡಯಾಲಿಸಿಸ್ ರೋಗಿಗಳ ಮನೆಮಂದಿ ಡಾಕ್ಟರ ಮುಂದೆ ರಿಪೋರ್ಟ್ ಬಿಚ್ಚಿ ಕೇಳುವುದು ಹೆಚ್ಚಾಗಿ ಇದನ್ನೇ: "ಸರ, ಎಚ್‌ಬಿ ಹತ್ತರ ಮ್ಯಾಲ ಏರವಲ್ದರೀ. ಇನ್ನೆರಡು ಸೂಜಿ ಜಾಸ್ತಿ ಮಾಡಿದ್ರ ಆಗೂದಿಲ್ಲೇನು?" ಆ ಸೂಜಿಯೆಂದರೆ ಎರಿತ್ರೊಪೊಯೆಟಿನ್. ಫ್ರಿಜ್ಜಿನಲ್ಲಿ ಮೊಸರಿನ ಪಾಕೀಟಿನ ಪಕ್ಕ ಜೋಪಾನವಾಗಿ ಇಡುವಂಥದ್ದು.

ಕೇಳುವುದರಲ್ಲಿ ನ್ಯಾಯವಿದೆ. ರಕ್ತ ಹೆಚ್ಚಿಸುವ ಈ ಹಾರ್ಮೋನನ್ನು ತಯಾರಿಸುವುದು ಮೂತ್ರಪಿಂಡ. ಅದು ಕೈಕೊಟ್ಟರೆ ರಕ್ತ ಇಳಿಯುತ್ತದೆ, ಹೃದಯಕ್ಕೆ ದುಡಿಮೆ ಹೆಚ್ಚಿ ಅದರ ಗೋಡೆ ದಪ್ಪವಾಗುತ್ತದೆ. ಕೊರತೆಯನ್ನು ಪೂರಾ ತುಂಬಿದರೆ ಹೃದಯ ಉಳಿಯಬೇಕಲ್ಲ? ವೈದ್ಯಲೋಕವೂ ಹಾಗೇ ಎಣಿಸಿತ್ತು.

ಹೃದ್ರೋಗವೂ ಇದ್ದ 1,233 ಡಯಾಲಿಸಿಸ್ ರೋಗಿಗಳ ಮೇಲೆ ಅಮೆರಿಕದಲ್ಲಿ ನಡೆದ ಪ್ರಯೋಗದ ವರದಿ 1998ರಲ್ಲಿ ಬಂತು. ಒಂದು ಗುಂಪಿಗೆ ಹಿಮ್ಯಾಟೊಕ್ರಿಟ್ (ರಕ್ತದಲ್ಲಿ ಕೆಂಪುಕಣಗಳ ಪಾಲು) ಗುರಿ ಶೇ. 42, ಇನ್ನೊಂದಕ್ಕೆ 30. ಮೊದಲ ಗುಂಪಿನಲ್ಲೇ ಸಾವು, ಹೃದಯಾಘಾತ ಹೆಚ್ಚು ಕಂಡು ಪ್ರಯೋಗವನ್ನು ನಡುವೆಯೇ ನಿಲ್ಲಿಸಿದರು. ಡಯಾಲಿಸಿಸ್ ಹಂತ ಮುಟ್ಟದ ಮಧುಮೇಹಿಗಳಲ್ಲಿ ಹಿಮೋಗ್ಲೋಬಿನ್ 13ಕ್ಕೆ ಏರಿಸಹೊರಟ 2009ರ ಅಧ್ಯಯನದಲ್ಲಿ ಹೃದಯಕ್ಕೆ ಲಾಭ ಕಾಣಲಿಲ್ಲ, ಪಾರ್ಶ್ವವಾಯು ಮಾತ್ರ ಸುಮಾರು ಇಮ್ಮಡಿಯಾಯಿತು.

ಇದರಲ್ಲೊಂದು ತೊಡಕಿದೆ. 1998ರ ಎರಡೂ ಗುಂಪುಗಳಲ್ಲಿ, ರಕ್ತ ನಿಜಕ್ಕೂ ಏರಿದವರು ಹೆಚ್ಚು ಬದುಕಿದ್ದರು. ಹಾಗಾದರೆ ಕೆಟ್ಟದ್ದು ರಕ್ತವಲ್ಲ. ಏರಲೊಲ್ಲದ ಮೈಗೆ ಸುರಿದ ಡೋಸಿನ ಮೇಲೆಯೇ ನನ್ನ ಗುಮಾನಿ. ಕಬ್ಬಿಣಾಂಶ ಸಾಲದಿದ್ದರೆ, ಒಳಗೆಲ್ಲೋ ಸೋಂಕು ಕುಂತಿದ್ದರೆ ಸೂಜಿ ನಾಟುವುದಿಲ್ಲ. ಬಿಪಿ ಮಾತ್ರ ಏರುತ್ತದೆ, ಡಯಾಲಿಸಿಸ್‌ಗೆಂದು ಕೈಯಲ್ಲಿ ರಕ್ತನಾಳ ಜೋಡಿಸಿ ಮಾಡಿದ ಫಿಸ್ಟುಲಾದಲ್ಲಿ ರಕ್ತ ಹೆಪ್ಪುಗಟ್ಟುವ ಭಯ ಬೇರೆ.

ಹಾರ್ಮೋನನ್ನು ಕೊಡುವ ಬದಲು ತಡೆಯುವ ಔಷಧದ ಕಥೆಯೂ ಹೀಗೇ, ಎಣಿಸಿದಂತೆ ಆಗಲಿಲ್ಲ. ಆಲ್ಡೊಸ್ಟಿರೋನನ್ನು ತಡೆಯುವ ಸ್ಪೈರೊನೊಲ್ಯಾಕ್ಟೋನ್, ತೀವ್ರ ಹೃದಯ ವೈಫಲ್ಯದವರಲ್ಲಿ ಸಾವನ್ನು ಶೇ. 30ರಷ್ಟು ತಗ್ಗಿಸಿದ್ದು 1999ರ ದೊಡ್ಡ ಸುದ್ದಿ. ಅದೇ ಮಾತ್ರೆಯನ್ನು ಡಯಾಲಿಸಿಸ್ ರೋಗಿಗಳಿಗೆ ಕೊಟ್ಟು ನೋಡಿದ ದೊಡ್ಡ ಪ್ರಯೋಗದ ಫಲ 2025ರಲ್ಲಿ ಬಂದಾಗ ಹೃದಯಕ್ಕೆ ಉಪಯೋಗವಾದದ್ದು ಕಾಣಲಿಲ್ಲ. ರಕ್ತನಾಳದಲ್ಲಿ ಸುಣ್ಣ ಕಟ್ಟಿದ, ಎರಡು ಡಯಾಲಿಸಿಸ್ಸಿನ ನಡುವೆ ನೀರಿನ ಭಾರ ಹೊರುವ ಹೃದಯಕ್ಕೆ ಉಳಿದವರ ಲೆಕ್ಕ ಹೊಂದುವುದಿಲ್ಲ.

ಲ್ಯಾಬಿನವರೋ ಗಂಡಸರ ಎಚ್‌ಬಿ ಪಕ್ಕ 13ರಿಂದ 17 ಎಂದು ಅಚ್ಚು ಹಾಕಿ, ಹತ್ತನ್ನು ದಪ್ಪಕ್ಷರದಲ್ಲಿ ತೋರಿಸುತ್ತಾರೆ. ಅದು ಮೂತ್ರಪಿಂಡ ಗಟ್ಟಿ ಇದ್ದವರ ಅಳತೆ. ಈ ಸೂಜಿಯ ಮೇಲಿರುವವರಿಗೆ ಹತ್ತರಿಂದ ಹನ್ನೊಂದೂವರೆ ಸಾಕೆಂಬುದು ಈಗಿನ ರೂಢಿ. ಏರದಿದ್ದಾಗ ಡೋಸು ಹೆಚ್ಚಿಸುವ ಮೊದಲು ಕಬ್ಬಿಣಾಂಶದ ಸಂಗ್ರಹ ತೋರಿಸುವ ಫೆರಿಟಿನ್ ಎಷ್ಟಿದೆ, ಬಿಪಿ ಎಷ್ಟಿದೆ ಎಂದು ಕೇಳುವುದು ಮನೆಮಂದಿಗೂ ಒಪ್ಪುವ ಮಾತು.