ಗಲ್ಲಾಪೆಟ್ಟಿಗೆಗೆ ಬೀಗ ಉಂಟು, ಮೊಬೈಲಿಗೆ?

ಕಳೆದ ಮಳೆಗಾಲದ ಒಂದು ಶುಕ್ರವಾರ. ನಮ್ಮ ಮಹಲ್ಲಿನ ಹಿರಿಯರೊಬ್ಬರು, ಎಲ್ಲರಿಗೂ ಅವರು ಕಾಕ, ಪೇಟೆಯಲ್ಲಿ ಮೂವತ್ತು ವರ್ಷದಿಂದ ಪಾತ್ರೆ-ಪ್ಲಾಸ್ಟಿಕ್ ಸಾಮಾನಿನ ಅಂಗಡಿ ಇಟ್ಟುಕೊಂಡವರು. ಹೆಸರು ಬೇಡ. ಬೆಳಿಗ್ಗೆ ಅವರ ವಾಟ್ಸ್‌ಆ್ಯಪ್‌ಗೆ ಪರಿಚಯದ ಗಿರಾಕಿಯ ನಂಬರಿನಿಂದ ಒಂದು ಫೈಲ್ ಬಂತು. ಹೆಸರು 'ಆರ್‌ಟಿಒ ಚಲನ್'. ಅಂಗಡಿಯ ಓಮ್ನಿ ಓಡಿಸುವುದು ಮಗ. ಎಲ್ಲಿಯೋ ಸಿಗ್ನಲ್ ಹಾರಿಸಿರಬೇಕು ಎಂದುಕೊಂಡು ಕಾಕ ಅದನ್ನು ಒತ್ತಿದರು. ಅದು ಏನೇನೋ ಅನುಮತಿ ಕೇಳಿತು, ಇವರು ಎಲ್ಲದಕ್ಕೂ ಹೂಂ ಅಂದರು. 500 ರೂಪಾಯಿ ದಂಡ ಕಟ್ಟಲು ಎಟಿಎಂ ಕಾರ್ಡಿನ ವಿವರ ಕೇಳಿತು, ಅದನ್ನೂ ಹಾಕಿದರು. 'ಪಾವತಿ ಆಗಲಿಲ್ಲ, ನಂತರ ಪ್ರಯತ್ನಿಸಿ' ಅಂತ ಬಂತು. ಮತ್ತೆ ನೋಡುವ ಎಂದು ಮೊಬೈಲ್ ಸೈಲೆಂಟ್ ಮಾಡಿ ಜುಮಾಕ್ಕೆ ಬಂದರು. ಸಂಜೆ ಲೈನ್ ಸೇಲ್‌ನವನಿಗೆ ಹಣ ಹಾಕಲು ಹೋದಾಗ ಖಾತೆಯಲ್ಲಿ ದುಡ್ಡಿಲ್ಲ. 1,82,000 ರೂಪಾಯಿ ಮೂರು ಸಲದಲ್ಲಿ ಹೋಗಿತ್ತು. ಮಂಗಳೂರು ಬಂದರ್‌ನ ಹೋಲ್‌ಸೇಲ್‌ನವರಿಗೆ ಸೋಮವಾರ ಕೊಡಬೇಕಾಗಿದ್ದ ಹಣ ಅದು.

ಇಷ್ಟು ಮಾತ್ರ ಆಗಿದ್ದರೆ ನಾನು ಬರೆಯುತ್ತಿರಲಿಲ್ಲ. ಇಂಥದ್ದು ಪತ್ರಿಕೆಯಲ್ಲಿ ದಿನಾ ಬರುತ್ತದೆ, ನಾವು ಓದಿ ಪುಟ ತಿರುಗಿಸುತ್ತೇವೆ. ಬರೆಯಬೇಕು ಅನಿಸಿದ್ದು ಆಮೇಲಿನ ಮೂರು ದಿನದ ಬಗ್ಗೆ. ಆ ಮೂರು ದಿನ ಕಾಕ ಯಾರಿಗೂ ಹೇಳಲಿಲ್ಲ. ಹೆಂಡತಿಗೆ ಹೇಳಲಿಲ್ಲ, ಮಗನಿಗೆ ಹೇಳಲಿಲ್ಲ, ಬ್ಯಾಂಕಿಗೂ ಹೋಗಲಿಲ್ಲ. ಆ ಹೊತ್ತಿಗೆ ಅದೇ ಫೈಲ್ ಅವರ ನಂಬರಿನಿಂದ ಅವರ ಮೊಬೈಲಿನಲ್ಲಿದ್ದ ಎಲ್ಲರಿಗೂ, ಎಲ್ಲ ಗ್ರೂಪುಗಳಿಗೂ ಹೋಗಿಯಾಗಿತ್ತು. ಮದ್ರಸದ ಪೋಷಕರ ಗ್ರೂಪಿಗೂ ಬಂತು. ಆ ಗ್ರೂಪಿನ ಅಡ್ಮಿನ್ ನಾನೇ. ನೋಡಿದೆ, 'ಕಾಕನಿಗೆ ಮೊಮ್ಮಕ್ಕಳು ಮೊಬೈಲ್ ಒತ್ತಿರಬೇಕು' ಎಂದು ಸುಮ್ಮನಾದೆ. ಅಳಿಸಿದ್ದರೆ ಒಂದು ನಿಮಿಷದ ಕೆಲಸ. ಆ ಗ್ರೂಪಿನಿಂದ ಇಬ್ಬರು ಅದನ್ನು ಒತ್ತಿದರು. ಅವರಲ್ಲಿ ಒಬ್ಬರು ಮನೆಯಲ್ಲೇ ಸಮೋಸ ಮಾಡಿ ಬೇಕರಿಗಳಿಗೆ ಕೊಡುವ ಸಹೋದರಿ. ಹೋದದ್ದು 14,000. ಕಾಕನ ಮೊತ್ತದ ಮುಂದೆ ಸಣ್ಣದು, ಆದರೆ ಅವರ ಪೂರ್ತಿ ಬಂಡವಾಳ ಅಷ್ಟೇ.

ಯಾಕೆ ಹೇಳಲಿಲ್ಲ ಅಂತ ಕಾಕನನ್ನು ಕೇಳಿದೆ. "ಉಸ್ತಾದ್, ಮರ್ಯಾದೆ ಹೋಗುವುದಿಲ್ಲವಾ? ಕೈಯಲ್ಲಿ ದುಡ್ಡಿಲ್ಲ ಅಂತ ಗೊತ್ತಾದರೆ ನಾಳೆ ಯಾರು ಸಾಲಕ್ಕೆ ಮಾಲು ಕೊಡುತ್ತಾರೆ?" ಅಂದರು. ಈ ಮಾತನ್ನು ತಳ್ಳಿಹಾಕುವ ಹಾಗಿಲ್ಲ. ನಮ್ಮ ಸಣ್ಣ ವ್ಯಾಪಾರ ನಿಂತಿರುವುದೇ ಬಾಯಿಮಾತಿನ ನಂಬಿಕೆಯ ಮೇಲೆ. ಆದರೆ ಕಳ್ಳನಿಗೂ ಇದು ಚೆನ್ನಾಗಿ ಗೊತ್ತು. ಅವನಿಗೆ ಬೇಕಾಗಿರುವುದು ನಮ್ಮ ದಡ್ಡತನಕ್ಕಿಂತ ಹೆಚ್ಚಾಗಿ ನಮ್ಮ ನಾಚಿಕೆ.

ಯಾಕೆಂದರೆ ಇಲ್ಲಿ ಲೆಕ್ಕ ಇರುವುದು ಗಂಟೆಗಳಲ್ಲಿ. ಕದ್ದ ಹಣ ಒಂದು ಖಾತೆಯಿಂದ ಇನ್ನೊಂದಕ್ಕೆ, ಅಲ್ಲಿಂದ ಮತ್ತೊಂದಕ್ಕೆ ಹಾರುತ್ತದೆ, ಕೊನೆಗೆ ಯಾರೋ ಎಟಿಎಂನಿಂದ ತೆಗೆಯುತ್ತಾರೆ. ಅದಕ್ಕೆ ಮೊದಲು 1930ಕ್ಕೆ ಫೋನ್ ಮಾಡಿದರೆ, ದಾರಿಯಲ್ಲಿರುವ ಹಣವನ್ನು ಆಯಾ ಬ್ಯಾಂಕಿನಲ್ಲೇ ತಡೆಹಿಡಿಯುವ ವ್ಯವಸ್ಥೆ ಉಂಟು. ಹಣ ಎಷ್ಟು ಹೊತ್ತಿಗೆ ಹೋಯಿತು, ಯಾವ ಬ್ಯಾಂಕು, ವಹಿವಾಟಿನ ನಂಬರ್ ಎಷ್ಟು ಎಂದು ಹೇಳಬೇಕು. ಮತ್ತೆ ನಿಮ್ಮ ಬ್ಯಾಂಕಿಗೂ ತಿಳಿಸಬೇಕು, ಸೆನ್ ಪೊಲೀಸ್ ಠಾಣೆಗೂ ಹೋಗಬೇಕು. 2017ರ ಜುಲೈಯಲ್ಲಿ ರಿಸರ್ವ್ ಬ್ಯಾಂಕ್ ಹೊರಡಿಸಿದ ಸುತ್ತೋಲೆಯೊಂದು ಉಂಟು. ನಮ್ಮದೂ ಬ್ಯಾಂಕಿನದ್ದೂ ತಪ್ಪಿಲ್ಲದೆ ಹೊರಗಿನವರು ಹಣ ಎಗರಿಸಿದ್ದರೆ, ಬ್ಯಾಂಕಿನ ಸಂದೇಶ ಬಂದ ಮೂರು ಕೆಲಸದ ದಿನಗಳೊಳಗೆ ತಿಳಿಸಿದರೆ ನಷ್ಟ ನಮ್ಮದಲ್ಲ. ನಾವೇ ಒಟಿಪಿಯೋ ಪಿನ್ನೋ ಕೊಟ್ಟಿದ್ದರೆ, ತಿಳಿಸುವವರೆಗಿನ ನಷ್ಟ ನಮ್ಮದು, ತಿಳಿಸಿದ ಮೇಲಿನದ್ದು ಬ್ಯಾಂಕಿನದ್ದು. ತಪ್ಪು ನಮ್ಮದೇ ಆಗಿದ್ದರೂ ಬಾಯಿಬಿಟ್ಟವನಿಗೆ ಲಾಭ ಉಂಟು ಎಂದಾಯಿತು. ಕಾಕ ಸುಮ್ಮನೆ ಕೂತದ್ದು ಮೂರು ದಿನ.

ಕೆಲವರು ಹೇಳುತ್ತಾರೆ, ಈ ಉಪದ್ರವೇ ಬೇಡ, ಕ್ಯೂಆರ್ ಕಿತ್ತು ಹಾಕಿ ಮೊದಲಿನ ಹಾಗೆ ನಗದು ಮಾಡುವ ಅಂತ. ಆಗುವ ಮಾತಲ್ಲ ಮಾರಾಯ್ರೆ. ಇಪ್ಪತ್ತು ರೂಪಾಯಿ ಮೀನಿಗೂ ಜನ ಮೊಬೈಲ್ ಹಿಡಿಯುತ್ತಾರೆ. ನನಗೆ ಕಾಣುವ ದೋಷ ಬೇರೆ. ಗಲ್ಲಾಪೆಟ್ಟಿಗೆಗೆ ನಾವು ಬೀಗ ಹಾಕುತ್ತೇವೆ, ಕೆಲಸದ ಹುಡುಗನಿಗೆ ಅದರ ಹತ್ತಿರ ಕೂರಲು ಬಿಡುವುದಿಲ್ಲ. ಅದೇ ಗಲ್ಲಾಪೆಟ್ಟಿಗೆ ಈಗ ಮೊಬೈಲಿನೊಳಗೆ ಹೋಗಿದೆ, ಆ ಮೊಬೈಲನ್ನು ಮಾತ್ರ ಅಳುವ ಮಗುವಿನ ಕೈಗೆ ಗೇಮ್ ಆಡಲು ಕೊಡುತ್ತೇವೆ. ನಾಲ್ಕು ಅಂಕಿಯ ಪಿನ್ ಅಂಗಡಿಯಲ್ಲಿರುವ ಎಲ್ಲರಿಗೂ ಗೊತ್ತು. ಕಾಕನ ಪಿನ್ ಅವರ ಓಮ್ನಿಯ ನಂಬರು!

ಸಾಧ್ಯವಾದರೆ ಅಂಗಡಿಯ ಹಣಕ್ಕೆ ಒಂದು ಬೇರೆ ಮೊಬೈಲ್ ಇಡಿ, ಸಾದಾ ಆದರೂ ಸಾಕು. ಅದರಲ್ಲಿ ಫ್ಯಾಮಿಲಿ ಗ್ರೂಪು, ಗೇಮು, ಯಾವುದೂ ಬೇಡ. ಅದು ಆಗದಿದ್ದರೆ ಖಾತೆಯನ್ನಾದರೂ ಎರಡು ಮಾಡಿ. ಗಿರಾಕಿಗಳ ಹಣ ಬೀಳುವ ಖಾತೆಯಲ್ಲಿ ಎರಡು ದಿನದ ವ್ಯಾಪಾರದಷ್ಟು ಮಾತ್ರ ಇರಲಿ. ಉಳಿದದ್ದು ಯುಪಿಐಗೆ ಜೋಡಿಸದ, ಕಾರ್ಡೂ ಇಲ್ಲದ ಇನ್ನೊಂದು ಖಾತೆಗೆ ಹೋಗಲಿ. ಕಾಕನ ಖಾತೆ ಹಾಗೆ ಇದ್ದಿದ್ದರೆ ಹೋಗುತ್ತಿದ್ದದ್ದು ಹೆಚ್ಚೆಂದರೆ ಹತ್ತು-ಹದಿನೈದು ಸಾವಿರ. ಇನ್ನು, ವಾಟ್ಸ್‌ಆ್ಯಪ್‌ನಲ್ಲಿ ಬರುವ ಫೈಲಿನ ಹೆಸರಿನ ಕೊನೆಗೆ 'ಎಪಿಕೆ' ಎಂಬ ಮೂರು ಇಂಗ್ಲಿಷ್ ಅಕ್ಷರ ಇದ್ದರೆ ಅದು ಪತ್ರವೂ ಅಲ್ಲ, ಚಲನ್ನೂ ಅಲ್ಲ, ಮದುವೆ ಕಾಗದವೂ ಅಲ್ಲ. ಅದೊಂದು ಆ್ಯಪ್. ಒಳಗೆ ಬಂದು ಕೂತು ನಿಮ್ಮ ಎಸ್‌ಎಂಎಸ್ ಓದುತ್ತದೆ, ಒಟಿಪಿಯನ್ನು ಕಳ್ಳನಿಗೆ ಕಳಿಸುತ್ತದೆ. ಕಳಿಸಿದ್ದು ಸ್ವಂತ ತಮ್ಮನೇ ಆಗಿರಲಿ, ಅವನಿಗೆ ಫೋನ್ ಮಾಡಿ ಕೇಳದೆ ಒತ್ತಬೇಡಿ. ಒತ್ತಿಯಾಗಿದ್ದರೆ ಕೂಡಲೇ ಇಂಟರ್‌ನೆಟ್ ಬಂದ್ ಮಾಡಿ, ಬೇರೆ ಫೋನಿನಿಂದ ಬ್ಯಾಂಕಿಗೂ 1930ಕ್ಕೂ ಕರೆ ಮಾಡಿ.

ಅಂಗಡಿ ಎದುರಿನ ಕ್ಯೂಆರ್ ಸ್ಟಿಕ್ಕರ್ ಕೂಡ ಕಾವಲು ಬೇಡುತ್ತದೆ. 2025ರ ಜನವರಿಯಲ್ಲಿ ಮಧ್ಯಪ್ರದೇಶದ ಖಜುರಾಹೊದಲ್ಲಿ ರಾತ್ರೋರಾತ್ರಿ ಹಲವು ಅಂಗಡಿಗಳ ಕ್ಯೂಆರ್ ಮೇಲೆ ಕಳ್ಳರು ತಮ್ಮ ಕ್ಯೂಆರ್ ಅಂಟಿಸಿ ಹೋಗಿದ್ದರು. ಹಣ ಕಟ್ಟುವಾಗ ಬೇರೆ ಹೆಸರು ಬರುತ್ತಿದೆ ಎಂದು ಗಿರಾಕಿಗಳು ಹೇಳಿದಾಗಲೇ ಅಂಗಡಿಯವರಿಗೆ ತಿಳಿದದ್ದು. ಬೆಳಿಗ್ಗೆ ಶಟರ್ ಎತ್ತಿದ ಕೂಡಲೇ ಒಂದು ರೂಪಾಯಿ ಹಾಕಿ ನೋಡಿದರೆ ಮುಗಿಯಿತು. ಗಿರಾಕಿ ತೋರಿಸುವ ಸ್ಕ್ರೀನ್‌ಶಾಟ್ ನಂಬಬೇಡಿ, ನಿಮ್ಮ ಪೆಟ್ಟಿಗೆ ಕೂಗಬೇಕು, ಇಲ್ಲವೇ ನಿಮ್ಮ ಮೊಬೈಲಿನಲ್ಲಿ ಕಾಣಬೇಕು. ಹಣ ಬರಲು ಪಿನ್ ಒತ್ತಿ ಎಂದು ಯಾರಾದರೂ ಹೇಳಿದರೆ ಅವನು ಕಳ್ಳನೇ. ಪಿನ್ ಬೇಕಾಗುವುದು ಹಣ ಹೋಗಲಿಕ್ಕೆ, ಬರಲಿಕ್ಕಲ್ಲ.

ಬಿಲ್ಲಿಂಗ್ ಕಂಪ್ಯೂಟರ್ ಇಟ್ಟಿರುವ ಸ್ವಲ್ಪ ದೊಡ್ಡ ಅಂಗಡಿಯವರಿಗೆ ಒಂದು ಮಾತು. 2017ರ ಮೇ ತಿಂಗಳಲ್ಲಿ ವನ್ನಾಕ್ರೈ ಎಂಬ ವೈರಸ್ ಪ್ರಪಂಚದ ಲಕ್ಷಾಂತರ ಕಂಪ್ಯೂಟರುಗಳ ಲೆಕ್ಕಪತ್ರಕ್ಕೆ ಬೀಗ ಜಡಿದು ಹಣ ಕೇಳಿತು. ಅದನ್ನು ತಡೆಯುವ ಅಪ್‌ಡೇಟ್ ಎರಡು ತಿಂಗಳ ಮೊದಲೇ ಬಂದಿತ್ತು, ಹಾಕದವರು ಸಿಕ್ಕಿಬಿದ್ದರು. ಅಪ್‌ಡೇಟ್ ಕೇಳಿದರೆ ಬಿಡಿ. ವಾರಕ್ಕೊಮ್ಮೆ ಲೆಕ್ಕವನ್ನು ಪೆನ್‌ಡ್ರೈವಿಗೆ ಹಾಕಿ, ಪೆನ್‌ಡ್ರೈವನ್ನು ಕಿತ್ತು ಮನೆಗೆ ಒಯ್ಯಿರಿ. ಅದರಲ್ಲೇ ಸಿಕ್ಕಿಸಿಟ್ಟರೆ ಅದಕ್ಕೂ ಬೀಗ ಬೀಳುತ್ತದೆ.

ಗಲ್ಫ್‌ನಲ್ಲಿದ್ದು ಊರಿನ ಅಂಗಡಿ ನಡೆಸುವವರೂ ನಮ್ಮಲ್ಲಿ ಬಹಳ ಮಂದಿ. ಬ್ಯಾಂಕಿಗೆ ಕೊಟ್ಟ ಊರಿನ ನಂಬರನ್ನು ರೀಚಾರ್ಜ್ ಮಾಡದೆ ಬಿಟ್ಟರೆ ಅದು ಬಂದ್ ಆಗಿ, ಸ್ವಲ್ಪ ಕಾಲದ ಮೇಲೆ ಬೇರೆಯವರಿಗೆ ಸಿಗುತ್ತದೆ. ನಿಮ್ಮ ಒಟಿಪಿ ಮತ್ತೆ ಅವರ ಕೈಗೆ. ರಜೆಯಲ್ಲಿ ಬಂದಾಗ ಮದುವೆ-ಮುಂಜಿ ಎಂದು ಓಡುವ ನಡುವೆ ಬ್ಯಾಂಕಿಗೂ ಅರ್ಧ ದಿನ ಇಡಿ.

ಕೊನೆಯದು ಹೇಳಲು ಸ್ವಲ್ಪ ಕಹಿ. ಕಾಕನ ಹಣ ಹಾರಿಹೋದ ಖಾತೆಗಳು ಕಳ್ಳರ ಸ್ವಂತ ಹೆಸರಿನಲ್ಲಿ ಇರುವುದಿಲ್ಲ. ಎರಡು-ಮೂರು ಸಾವಿರದ ಕಮಿಷನ್ ಆಸೆಗೆ ತಮ್ಮ ಪಾಸ್‌ಬುಕ್, ಎಟಿಎಂ ಕಾರ್ಡ್, ಸಿಮ್ ಕೊಟ್ಟ ಯಾವುದೋ ಊರಿನ ಹುಡುಗರ ಖಾತೆಗಳು ಅವು. ನಮ್ಮ ಊರುಗಳಲ್ಲಿಯೂ ಹೀಗೆ ಕೇಳುವವರು ತಿರುಗುತ್ತಿದ್ದಾರೆ. 'ಗೇಮಿಂಗ್ ಹಣ, ನಿನಗೆ ಏನೂ ಆಗುವುದಿಲ್ಲ' ಎನ್ನುತ್ತಾರೆ. ನನ್ನಲ್ಲಿ ಕಲಿತುಹೋದ ಒಬ್ಬ ಹುಡುಗನೇ ಬಂದು 'ಉಸ್ತಾದ್, ಇದರಲ್ಲಿ ತಪ್ಪುಂಟಾ?' ಅಂತ ಕೇಳಿದ. ಉಂಟು ಮೋನು. ಅದು ಕದ್ದ ಹಣ, ಅದರ ಪಾಲು ಹರಾಂ. ಪೊಲೀಸರು ಮೊದಲು ಬರುವುದೂ ಖಾತೆಯಲ್ಲಿ ಹೆಸರು ಇರುವವನ ಮನೆಗೆ. ಅಂಥ ಖಾತೆಯಿಂದ ಸಾಮಾನು ಕೊಂಡರೆ ಏನೂ ತಿಳಿಯದ ಅಂಗಡಿಯವನ ಅಕೌಂಟೂ ಫ್ರೀಜ್ ಆಗುವುದುಂಟು. ಆಗ ಬ್ಯಾಂಕಿಗೆ ತೋರಿಸಲು ಬಿಲ್ಲು ಬೇಕು. ಹಾಗಾಗಿ ದೊಡ್ಡ ಮೊತ್ತದ ವ್ಯಾಪಾರಕ್ಕೆ ಗಿರಾಕಿಯ ಹೆಸರು ಬರೆದು ಬಿಲ್ ಕೊಡುವುದನ್ನು ರೂಢಿ ಮಾಡಿಕೊಳ್ಳಿ.

ನಾಲ್ಕನೇ ದಿನ ಕಾಕ ಮತ್ತು ನಾನು ಒಟ್ಟಿಗೆ ಠಾಣೆಗೆ ಹೋದೆವು. ಒಂದು ಖಾತೆಯಲ್ಲಿ 11,000 ಉಳಿದಿತ್ತು, ತಡೆಹಿಡಿದಿದ್ದಾರೆ. ಬಿಡಿಸಿಕೊಳ್ಳಲು ಕೋರ್ಟಿಗೆ ಅರ್ಜಿ ಹೋಗಿದೆ. ಬಂದರ್‌ನ ಹೋಲ್‌ಸೇಲ್‌ನವರಿಗೆ ಕಾಕ ಇದ್ದದ್ದು ಇದ್ದ ಹಾಗೆ ಹೇಳಿದರು. ಅವರು ಮೂರು ತಿಂಗಳ ಗಡು ಕೊಟ್ಟು, ಮಾಲು ಕಳಿಸುವುದನ್ನು ನಿಲ್ಲಿಸಲಿಲ್ಲ. ಮುಂದಿನ ಶುಕ್ರವಾರ ಜುಮಾದ ಬಳಿಕ ಹತ್ತು ನಿಮಿಷ ಮಸೀದಿಯ ಅಂಗಳದಲ್ಲಿ ವ್ಯಾಪಾರಿಗಳನ್ನು ಕೂರಿಸಿ ಈ ವಿಷಯ ಮಾತಾಡುವ ಅಂತ ಜಮಾಅತಿನವರು ತೀರ್ಮಾನಿಸಿದ್ದಾರೆ. ಯಾರು ಮಾತಾಡುವುದು ಅಂತ ಚರ್ಚೆ ಆಗುವಾಗ ಕಾಕ ಎದ್ದು ನಿಂತು, "ನಾನೇ ಹೇಳುತ್ತೇನೆ" ಅಂದರು.