ಸೊಲೊಮೋನನ ತೊಟ್ಟಿಯೂ ಪೈ ಲೆಕ್ಕವೂ

ಬೈಬಲಿನ ಹಳೆಯ ಒಡಂಬಡಿಕೆಯಲ್ಲಿ ಅರಸುಗಳ ಮೊದಲನೆಯ ಪುಸ್ತಕದ ಏಳನೆಯ ಅಧ್ಯಾಯದಲ್ಲಿ ಒಂದು ದೊಡ್ಡ ಲೋಹದ ತೊಟ್ಟಿಯ ವರ್ಣನೆ ಇದೆ. ಜೆರೂಸಲೇಮಿನ ದೇವಾಲಯಕ್ಕಾಗಿ ಅರಸ ಸೊಲೊಮೋನ ಎರಕ ಹೊಯ್ಯಿಸಿದ್ದು ಅದು. ತೊಟ್ಟಿ ದುಂಡಗಿತ್ತು, ಅಂಚಿನಿಂದ ಅಂಚಿಗೆ ಹತ್ತು ಮೊಳ, ಸುತ್ತಳತೆ ಮೂವತ್ತು ಮೊಳ ಎಂದು ಅಲ್ಲಿ ಹೇಳಿದೆ. ವೃತ್ತದ ಪಾಠ ಮುಗಿಸಿರುವ ಹೈಸ್ಕೂಲು ವಿದ್ಯಾರ್ಥಿ ಇದನ್ನು ಓದಿದರೆ ಪೆನ್ಸಿಲು ಕೈಗೆತ್ತಿಕೊಳ್ಳದೆ ಇರಲಾರ. ವ್ಯಾಸ ಹತ್ತಾದರೆ ಪರಿಧಿ ಸುಮಾರು 31.4 ಆಗಬೇಕು. ಉಳಿದ ಒಂದೂವರೆ ಮೊಳದಷ್ಟು ಎಲ್ಲಿ ಹೋಯಿತು?

ಈ ಪ್ರಶ್ನೆಗೆ ಕ್ರೈಸ್ತರೇ ಮೂರು ಬಗೆಯಲ್ಲಿ ಉತ್ತರ ಹೇಳುತ್ತಾರೆ. ಮೊದಲನೆಯವರು ಲೆಕ್ಕವನ್ನೇ ಸರಿಪಡಿಸುತ್ತಾರೆ. ತೊಟ್ಟಿಯ ಗೋಡೆ ಒಂದು ಅಂಗೈ ಅಗಲದಷ್ಟು ದಪ್ಪವಿತ್ತೆಂದು ಅದೇ ಅಧ್ಯಾಯದಲ್ಲಿ ಮುಂದೆ ಬರುತ್ತದೆ. ಹತ್ತು ಮೊಳ ಹೊರಗಿನ ಅಳತೆ, ಮೂವತ್ತು ಮೊಳ ಒಳಗಿನ ಸುತ್ತಳತೆ ಎಂದುಕೊಳ್ಳಿ. ಮೊಳಕ್ಕೆ ಆರು ಅಂಗೈ ಎಂದರೆ ಒಳಗಿನ ವ್ಯಾಸ ಸುಮಾರು 9.67 ಮೊಳ, ಸುತ್ತಳತೆ ಸುಮಾರು 30.4. ಬಹುಪಾಲು ಸರಿಹೋಯಿತು! ಎರಡನೆಯವರು ಇಷ್ಟೆಲ್ಲ ಕಸರತ್ತು ಬೇಡ ಎನ್ನುತ್ತಾರೆ. ಬರೆದವನು ಸುಮಾರು ಸಂಖ್ಯೆ ಕೊಟ್ಟಿದ್ದಾನೆ. ಸಂತೆಗೆ ಸಾವಿರ ಜನ ಬಂದಿದ್ದರು ಎಂದವನನ್ನು ಯಾರೂ ಸುಳ್ಳುಗಾರ ಎನ್ನುವುದಿಲ್ಲ. ಮೂರನೆಯವರು ಇನ್ನೂ ಒಂದು ಹೆಜ್ಜೆ ಮುಂದೆ ಹೋಗುತ್ತಾರೆ. ಅಳತೆ ತಪ್ಪಿದ್ದರೂ ತಪ್ಪಿರಲಿ, ತೊಟ್ಟಿಯ ಸುತ್ತಳತೆ ಕಲಿಸಲು ದೇವರು ಈ ಗ್ರಂಥ ಕೊಡಲಿಲ್ಲ ಎಂಬುದು ಅವರ ನಿಲುವು.

ಮೂರು ಗುಂಪಿನವರೂ ಭಕ್ತರೇ, ಅದೇ ಪುಸ್ತಕವನ್ನು ಮುಂದಿಟ್ಟುಕೊಂಡು ಪ್ರಾರ್ಥಿಸುವವರೇ. ಬೈಬಲಿನಲ್ಲಿ ತಪ್ಪಿರಬಹುದೇ ಎಂಬ ವಾದ ನಂಬುವವರಿಗೂ ನಂಬದವರಿಗೂ ನಡೆದ ಜಗಳವೆಂದು ಹೊರಗಿನವರು ತಿಳಿಯುವುದುಂಟು. ಅದು ಮುಖ್ಯವಾಗಿ ನಂಬುವವರ ಮನೆಯೊಳಗಿನ ಜಗಳ. ಅದಕ್ಕಾಗಿ ಪ್ರಾಧ್ಯಾಪಕರು ಹುದ್ದೆ ಬಿಟ್ಟಿದ್ದಾರೆ, ಚರ್ಚುಗಳು ಒಡೆದಿವೆ. ಕನ್ನಡದಲ್ಲಿ ಬೈಬಲಿಗೆ ‘ಸತ್ಯವೇದ’ ಎಂಬ ಹೆಸರು ಬಹಳ ಕಾಲದಿಂದ ಬಳಕೆಯಲ್ಲಿದೆ. ಆ ಸತ್ಯ ಯಾವ ಬಗೆಯ ಸತ್ಯ ಎಂಬುದೇ ಇಲ್ಲಿರುವ ಪ್ರಶ್ನೆ.

ಪ್ರಶ್ನೆ ಹೊಸದಲ್ಲ. ಐದನೆಯ ಶತಮಾನದ ಆರಂಭದಲ್ಲಿ ಸಂತ ಅಗಸ್ಟೀನರು ಬೈಬಲನ್ನು ಲ್ಯಾಟಿನ್ ಭಾಷೆಗೆ ತಂದ ಜೆರೋಮರಿಗೆ ಒಂದು ಪತ್ರ ಬರೆದರು. ಗ್ರಂಥದಲ್ಲಿ ಸತ್ಯಕ್ಕೆ ವಿರುದ್ಧವಾದದ್ದು ಏನಾದರೂ ಕಂಡರೆ ತಾವು ಮೂರು ಸಾಧ್ಯತೆಗಳನ್ನು ಯೋಚಿಸುವುದಾಗಿ ಅದರಲ್ಲಿ ತಿಳಿಸಿದರು: ಪ್ರತಿ ಮಾಡಿದವನು ಎಡವಿರಬೇಕು, ಅನುವಾದಕನಿಗೆ ಅರ್ಥವಾಗದಿರಬೇಕು, ಇಲ್ಲವೇ ತಮಗೇ ಅರ್ಥವಾಗಿಲ್ಲ. ಮೂಲ ಲೇಖಕ ತಪ್ಪಿದ ಎಂಬ ನಾಲ್ಕನೆಯ ಸಾಧ್ಯತೆ ಅವರ ಪಟ್ಟಿಯಲ್ಲಿ ಇರಲಿಲ್ಲ. ಸಾವಿರದ ಇನ್ನೂರು ವರ್ಷಗಳ ನಂತರ, 1615ರಲ್ಲಿ, ಗೆಲಿಲಿಯೊ ಟಸ್ಕನಿಯ ರಾಜಮಾತೆ ಕ್ರಿಸ್ಟೀನಾಗೆ ಬರೆದ ಪತ್ರದಲ್ಲಿ ಅದೇ ಅಗಸ್ಟೀನರನ್ನು ಸಾಕ್ಷಿಗೆ ಕರೆದ. ಆಕಾಶಕಾಯಗಳ ಚಲನೆ ಕಲಿಸುವುದು ಪವಿತ್ರ ಗ್ರಂಥದ ಉದ್ದೇಶವಲ್ಲ ಎಂಬುದು ಅವನ ವಾದ. 1633ರಲ್ಲಿ ಅವನಿಗೆ ಶಿಕ್ಷೆಯಾಯಿತು. ಕ್ಯಾಥೊಲಿಕ್ ಚರ್ಚು ಎರಡನೆಯ ವ್ಯಾಟಿಕನ್ ಮಹಾಸಭೆಯಲ್ಲಿ, 1965ರಲ್ಲಿ, ನಮ್ಮ ರಕ್ಷಣೆಗಾಗಿ ದೇವರು ತಿಳಿಸಬಯಸಿದ ಸತ್ಯವನ್ನು ಗ್ರಂಥವು ತಪ್ಪಿಲ್ಲದೆ ಕಲಿಸುತ್ತದೆ ಎಂಬ ಅರ್ಥದ ಮಾತನ್ನು ಒಪ್ಪಿಕೊಂಡಿತು. ‘ರಕ್ಷಣೆಗಾಗಿ’ ಎಂಬ ಪದ ಗ್ರಂಥದ ಸತ್ಯಕ್ಕೆ ಗಡಿ ಹಾಕುತ್ತದೆಯೇ, ಅದರ ಉದ್ದೇಶವನ್ನಷ್ಟೇ ಹೇಳುತ್ತದೆಯೇ ಎಂದು ಅಲ್ಲಿಯೂ ಚರ್ಚೆ ನಿಂತಿಲ್ಲ.

ಪ್ರಾಟೆಸ್ಟೆಂಟರಲ್ಲಿ ಈ ವಾದ ಕಾವೇರಿದ್ದು ಹತ್ತೊಂಬತ್ತನೆಯ ಶತಮಾನದ ಅಮೆರಿಕದಲ್ಲಿ. ಭೂಮಿಯ ವಯಸ್ಸು ಬಹಳ ಹೆಚ್ಚೆಂದು ಭೂವಿಜ್ಞಾನಿಗಳು ಹೇಳುತ್ತಿದ್ದರು. 1859ರಲ್ಲಿ ಡಾರ್ವಿನ್ನನ ಪುಸ್ತಕ ಬಂತು. ಮೋಶೆ ಬರೆದನೆಂದು ನಂಬಿದ್ದ ಐದು ಪುಸ್ತಕಗಳು ಬೇರೆ ಬೇರೆ ಕಾಲದ ಬರಹಗಳ ಜೋಡಣೆ ಎಂದು ಜರ್ಮನಿಯ ವಿದ್ವಾಂಸರು ವಾದಿಸಿದರು. 1881ರಲ್ಲಿ ಪ್ರಿನ್ಸ್‌ಟನ್ ಸೆಮಿನರಿಯ ಎ.ಎ. ಹಾಡ್ಜ್ ಮತ್ತು ಮುಂದೆ ಅಲ್ಲಿಗೇ ಬಂದ ಬಿ.ಬಿ. ವಾರ್‌ಫೀಲ್ಡ್ ಸೇರಿ ಒಂದು ಪ್ರೌಢ ಲೇಖನ ಬರೆದು ಉತ್ತರ ಕೊಟ್ಟರು. ಗ್ರಂಥದ ಮೂಲ ಹಸ್ತಪ್ರತಿಗಳು ಹೇಳುವ ಪ್ರತಿಯೊಂದು ಮಾತೂ, ಅದನ್ನು ಬರೆದ ಉದ್ದೇಶದಲ್ಲಿ ಅರ್ಥಮಾಡಿಕೊಂಡರೆ, ತಪ್ಪಿಲ್ಲದ್ದು ಎಂಬುದು ಅವರ ಸಿದ್ಧಾಂತ.

‘ಮೂಲ ಹಸ್ತಪ್ರತಿ’ ಎಂಬ ಮಾತಿನ ಮೇಲೆ ಸ್ವಲ್ಪ ನಿಲ್ಲಬೇಕು. ಬೈಬಲಿನ ಯಾವ ಪುಸ್ತಕದ್ದೂ ಲೇಖಕನ ಕೈಯ ಪ್ರತಿ ಇಂದು ಉಳಿದಿಲ್ಲ. ಇರುವುದು ಪ್ರತಿಯ ಪ್ರತಿಗಳು. ತಾಳೆಗರಿಯಿಂದ ತಾಳೆಗರಿಗೆ ಇಳಿಸುವಾಗ ಅಕ್ಷರ ಜಾರುವುದು ಹಳಗನ್ನಡ ಕಾವ್ಯಗಳ ಸಂಪಾದನೆ ಬಲ್ಲವರಿಗೆ ಗೊತ್ತಿರುವ ವಿಷಯ. ಇಲ್ಲಿಯೂ ಹಾಗೆಯೇ. ಸೊಲೊಮೋನನ ಅದೇ ತೊಟ್ಟಿ ಅರಸುಗಳ ಪುಸ್ತಕದಲ್ಲಿ ಎರಡು ಸಾವಿರ ಮಾಪು ನೀರು ಹಿಡಿಯುತ್ತದೆ, ಪೂರ್ವಕಾಲವೃತ್ತಾಂತದ ಎರಡನೆಯ ಪುಸ್ತಕದಲ್ಲಿ ಮೂರು ಸಾವಿರ. ನಡುವೆ ಎಲ್ಲೋ ಒಬ್ಬ ಲಿಪಿಕಾರ ತಪ್ಪಿದನೆಂದರೆ ಮೂಲ ಲೇಖಕನಿಗೆ ಕಳಂಕವಿಲ್ಲ.

ಆದರೆ ಕೆಲವೆಡೆ ಪ್ರತಿಗಳು ಇದಕ್ಕೆ ತಿರುಗುಮುರುಗಾದ ಕಥೆ ಹೇಳುತ್ತವೆ. ಮಾರ್ಕನ ಸುವಾರ್ತೆಯ ಆರಂಭದಲ್ಲಿ ಪ್ರವಾದಿ ಯೆಶಾಯನ ಗ್ರಂಥದಲ್ಲಿ ಬರೆದಿರುವಂತೆ ಎಂದು ಹೇಳಿ ಕೆಲವು ಮಾತುಗಳನ್ನು ಉದ್ಧರಿಸಿದೆ. ಅದರ ಮೊದಲ ಭಾಗ ಯೆಶಾಯನದಲ್ಲ, ಮಲಾಕಿಯನ ಗ್ರಂಥದ್ದು. ನಾಲ್ಕನೆಯ ಶತಮಾನದ ಸೈನೈಟಿಕಸ್, ವ್ಯಾಟಿಕಾನಸ್ ಎಂಬ ಎರಡು ಪ್ರಸಿದ್ಧ ಪ್ರತಿಗಳಲ್ಲಿ ಯೆಶಾಯನ ಹೆಸರೇ ಇದೆ. ನಂತರದ ಬಹುಪಾಲು ಪ್ರತಿಗಳಲ್ಲಿ ಮಾತ್ರ ಅದು ‘ಪ್ರವಾದಿಗಳ ಗ್ರಂಥದಲ್ಲಿ’ ಎಂದಾಗಿದೆ. 1611ರ ಪ್ರಸಿದ್ಧ ಇಂಗ್ಲಿಷ್ ಅನುವಾದ ಈ ಎರಡನೆಯ ಪಾಠವನ್ನೇ ಹಿಡಿಯಿತು. ಯಾವುದೋ ಕಾಲದ ಭಕ್ತ ಲಿಪಿಕಾರನೊಬ್ಬ, ಗ್ರಂಥದಲ್ಲಿ ತಪ್ಪು ಇರಬಾರದೆಂದು, ತಾನೇ ತಿದ್ದಿಬಿಟ್ಟನೆಂದು ಹೆಚ್ಚಿನ ವಿದ್ವಾಂಸರು ಭಾವಿಸುತ್ತಾರೆ. ಇಬ್ಬರು ಪ್ರವಾದಿಗಳ ಮಾತು ಕೂಡಿಸಿ ದೊಡ್ಡವನ ಹೆಸರೊಂದನ್ನೇ ಹೇಳುವುದು ಆ ಕಾಲದ ವಾಡಿಕೆ, ಇದನ್ನು ತಪ್ಪೆನ್ನಬಾರದು ಎಂಬುದು ದೋಷವಿಲ್ಲ ಎನ್ನುವವರ ಸಮಾಧಾನ.

ಹಾಡ್ಜ್ ಮತ್ತು ವಾರ್‌ಫೀಲ್ಡರ ಲೇಖನ ಅಚ್ಚಾದ ಪತ್ರಿಕೆಗೆ ಹಾಡ್ಜರ ಜೊತೆ ಸಂಪಾದಕರಾಗಿದ್ದವರು ನ್ಯೂಯಾರ್ಕಿನ ಯೂನಿಯನ್ ಸೆಮಿನರಿಯ ಚಾರ್ಲ್ಸ್ ಬ್ರಿಗ್ಸ್. 1891ರ ಜನವರಿಯಲ್ಲಿ ಹೊಸ ಪೀಠವೊಂದನ್ನು ವಹಿಸಿಕೊಳ್ಳುವಾಗ ಅವರು ಮಾಡಿದ ಭಾಷಣ ಬಿರುಗಾಳಿ ಎಬ್ಬಿಸಿತು. ಬೈಬಲಿನಲ್ಲಿ ಯಾರೂ ವಿವರಿಸಿ ತೆಗೆದುಹಾಕಲಾರದ ತಪ್ಪುಗಳಿವೆ, ಅವು ಸಣ್ಣ ವಿವರಗಳಲ್ಲಿವೆ, ತಿರುಳಿನಲ್ಲಿ ಇಲ್ಲ ಎಂದರು. ಕಣ್ಣೆದುರು ಇಲ್ಲದ ಮೂಲಪ್ರತಿ ನಿರ್ದೋಷವೆಂದು ಹೇಳುವುದರಿಂದ ಕೈಯಲ್ಲಿರುವ ಬೈಬಲ್ ಓದುವವನಿಗೆ ಏನು ಲಾಭ ಎಂಬುದು ಅವರ ಪಕ್ಷದವರ ಪ್ರಶ್ನೆ. ಪಾಠ ಸಂಶೋಧನೆಯಿಂದ ಮೂಲದ ಹತ್ತಿರಕ್ಕೆ ಹೋಗಬಹುದು, ಬಹುಪಾಲು ಪಾಠದಲ್ಲಿ ಸಂದೇಹಕ್ಕೆ ಎಡೆಯೇ ಇಲ್ಲ ಎಂಬುದು ವಾರ್‌ಫೀಲ್ಡರ ಕಡೆಯ ಉತ್ತರ.

ಅದೇ ವರ್ಷ ಪ್ರೆಸ್ಬಿಟೇರಿಯನ್ ಚರ್ಚಿನ ಮಹಾಸಭೆ ಬ್ರಿಗ್ಸರ ನೇಮಕವನ್ನು ತಳ್ಳಿಹಾಕಿತು. ಸೆಮಿನರಿ ತನ್ನ ಪ್ರಾಧ್ಯಾಪಕರನ್ನು ಬಿಟ್ಟುಕೊಡಲಿಲ್ಲ, 1892ರಲ್ಲಿ ಚರ್ಚಿನ ಆ ಅಧಿಕಾರವನ್ನೇ ಕಳಚಿಕೊಂಡಿತು. ನ್ಯೂಯಾರ್ಕಿನ ಪ್ರಾಂತ ಸಭೆ ವಿಚಾರಣೆ ನಡೆಸಿ ಅವರನ್ನು ನಿರ್ದೋಷಿ ಎಂದಿತು. 1893ರಲ್ಲಿ ವಾಷಿಂಗ್ಟನ್ನಿನಲ್ಲಿ ಸೇರಿದ ಮಹಾಸಭೆ ಆ ತೀರ್ಪನ್ನು ರದ್ದು ಮಾಡಿ ಅವರನ್ನು ಪಾದ್ರಿ ಪದವಿಯಿಂದ ಅಮಾನತುಗೊಳಿಸಿತು. ಬ್ರಿಗ್ಸ್ 1899ರಲ್ಲಿ ಎಪಿಸ್ಕೋಪಲ್ ಚರ್ಚಿನ ಪಾದ್ರಿಯಾದರು, 1913ರಲ್ಲಿ ತೀರಿಕೊಳ್ಳುವವರೆಗೂ ಅದೇ ಸೆಮಿನರಿಯಲ್ಲಿ ಪಾಠ ಹೇಳಿದರು.

ಇಪ್ಪತ್ತನೆಯ ಶತಮಾನದಲ್ಲಿ ಜಗಳ ಸಂಪ್ರದಾಯಸ್ಥರ ನಡುವೆಯೇ ಹತ್ತಿಕೊಂಡಿತು. ಕ್ಯಾಲಿಫೋರ್ನಿಯಾದ ಫುಲ್ಲರ್ ಸೆಮಿನರಿ 1947ರಲ್ಲಿ ಆರಂಭವಾದದ್ದೇ ಸಂಪ್ರದಾಯದ ಪರವಾಗಿ. ಅದು 1970ರ ದಶಕದ ಆರಂಭದಲ್ಲಿ ತನ್ನ ನಂಬಿಕೆಯ ಹೇಳಿಕೆಯನ್ನು ಬದಲಿಸಿ, ಗ್ರಂಥವು ನಂಬಿಕೆಗೂ ನಡತೆಗೂ ತಪ್ಪದ ಮಾರ್ಗದರ್ಶಿ ಎಂದಷ್ಟೇ ಹೇಳಿತು. ಇತಿಹಾಸ, ಅಳತೆ, ಲೆಕ್ಕಗಳ ಮಾತು ಅದರಲ್ಲಿ ಉಳಿಯಲಿಲ್ಲ. ಅದರ ಸ್ಥಾಪಕ ಅಧ್ಯಾಪಕರಲ್ಲಿ ಒಬ್ಬರಾದ ಹೆರಾಲ್ಡ್ ಲಿಂಡ್ಸೆಲ್ 1976ರಲ್ಲಿ ಪುಸ್ತಕ ಬರೆದು ಇದನ್ನು ಕಟುವಾಗಿ ಖಂಡಿಸಿದರು. ಎರಡು ವರ್ಷಗಳ ನಂತರ, 1978ರ ಅಕ್ಟೋಬರಿನಲ್ಲಿ, ಸುಮಾರು ಮುನ್ನೂರು ಮಂದಿ ಶಿಕಾಗೊದಲ್ಲಿ ಸೇರಿ ಹತ್ತೊಂಬತ್ತು ವಿಧಿಗಳ ಹೇಳಿಕೆಯೊಂದನ್ನು ಹೊರಡಿಸಿದರು. ಗ್ರಂಥ ಪೂರ್ತಿ ನಿರ್ದೋಷ ಎಂದು ಸಾರುವ ಆ ಹೇಳಿಕೆ, ಯಾವುದನ್ನು ತಪ್ಪೆನ್ನಬಾರದು ಎಂಬ ಪಟ್ಟಿಯನ್ನೂ ಕೊಟ್ಟಿದೆ. ಸುಮಾರು ಸಂಖ್ಯೆಗಳು, ಅತಿಶಯೋಕ್ತಿ, ವ್ಯಾಕರಣದ ಏರುಪೇರು, ಕಣ್ಣಿಗೆ ಕಂಡಂತೆ ಪ್ರಕೃತಿಯನ್ನು ವರ್ಣಿಸುವುದು, ಮಾತನ್ನು ಯಥಾವತ್ತಾಗಿ ಅಲ್ಲದೆ ಸಡಿಲವಾಗಿ ಉದ್ಧರಿಸುವುದು ಆ ಪಟ್ಟಿಯಲ್ಲಿವೆ. ಇದರಂತೆ ಸೊಲೊಮೋನನ ತೊಟ್ಟಿ ಪಾರಾಯಿತು. ಬೀಜಗಳಲ್ಲೆಲ್ಲ ಸಾಸಿವೆ ಚಿಕ್ಕದೆಂದು ಯೇಸು ಹೇಳಿದ್ದೂ ಪಾರಾಯಿತು. ಆರ್ಕಿಡ್ ಗಿಡದ ಬೀಜ ಸಾಸಿವೆಗಿಂತ ಬಹಳ ಚಿಕ್ಕದು. ಆದರೆ ಕೇಳುತ್ತಿದ್ದ ರೈತರು ಬಿತ್ತುತ್ತಿದ್ದದ್ದು ಆರ್ಕಿಡ್ ಅಲ್ಲ.

ಅಷ್ಟಾದರೂ ಗೆರೆ ಎಲ್ಲಿ ಎಳೆಯಬೇಕೆಂಬುದು ತೀರ್ಮಾನವಾಗಲಿಲ್ಲ. ಮತ್ತಾಯನು ಯೇಸುವಿನ ಬಾಲ್ಯದ ಕೆಲವು ಪ್ರಸಂಗಗಳನ್ನು ಯೆಹೂದಿ ವ್ಯಾಖ್ಯಾನ ಪದ್ಧತಿಯಂತೆ ಅಲಂಕರಿಸಿ ಬರೆದಿದ್ದಾನೆ, ಆ ಬಗೆಯ ಬರಹವಾಗಿ ಓದಿದರೆ ಅದರಲ್ಲಿ ದೋಷವಿಲ್ಲ ಎಂದು ರಾಬರ್ಟ್ ಗಂಡ್ರಿ 1982ರಲ್ಲಿ ಬರೆದರು. ಗ್ರಂಥ ನಿರ್ದೋಷವೆಂಬುದನ್ನು ಅವರು ಒಪ್ಪಿದ್ದರು. ಆದರೂ ಅಮೆರಿಕದ ಇವ್ಯಾಂಜೆಲಿಕಲ್ ಥಿಯಾಲಾಜಿಕಲ್ ಸೊಸೈಟಿ 1983ರಲ್ಲಿ ಮತಕ್ಕೆ ಹಾಕಿ ಅವರ ರಾಜೀನಾಮೆ ಕೇಳಿತು. 1979ರಿಂದ ಸದರ್ನ್ ಬ್ಯಾಪ್ಟಿಸ್ಟ್ ಸಂಘಟನೆಯಲ್ಲಿ ಇದೇ ವಿಷಯ ಚುನಾವಣೆಯ ವಿಷಯವಾಯಿತು. ನಿರ್ದೋಷವಾದಿಗಳು ವರ್ಷದಿಂದ ವರ್ಷಕ್ಕೆ ಗೆದ್ದು ಬಂದರು, ಮಂದಗಾಮಿಗಳು 1991ರಲ್ಲಿ ತಮ್ಮದೇ ಬಳಗ ಕಟ್ಟಿಕೊಂಡರು.

ಇಷ್ಟು ಜಿದ್ದು ಏಕೆ? ಎರಡೂ ಕಡೆಯ ಭಯ ನಿಜವಾದದ್ದು. ಇಂದು ತೊಟ್ಟಿಯ ಅಳತೆ ತಪ್ಪೆಂದು ಬಿಟ್ಟರೆ, ನಾಳೆ ಕ್ರಿಸ್ತನ ಪುನರುತ್ಥಾನವನ್ನು ಉಳಿಸಿಕೊಳ್ಳುವುದು ಯಾವ ಆಧಾರದ ಮೇಲೆ, ಯಾವುದು ತಿರುಳು ಯಾವುದು ಸಿಪ್ಪೆ ಎಂದು ಹೇಳುವವರು ಯಾರು ಎಂದು ಒಂದು ಕಡೆಯವರು ಕೇಳುತ್ತಾರೆ. ಒಂದು ಇಟ್ಟಿಗೆ ಸಡಿಲಾದರೂ ಇಡೀ ಮನೆ ಬೀಳುತ್ತದೆಂದು ಮಕ್ಕಳಿಗೆ ಕಲಿಸಿದರೆ, ಸಡಿಲಾದ ಇಟ್ಟಿಗೆ ಕಂಡ ದಿನವೇ ಅವರು ಮನೆ ಬಿಟ್ಟು ಹೋಗುವುದಿಲ್ಲವೇ ಎಂದು ಇನ್ನೊಂದು ಕಡೆಯವರು ಕೇಳುತ್ತಾರೆ.

ಈ ಎರಡನೆಯ ಪ್ರಶ್ನೆಗೆ ಒಂದು ಗುರು ಶಿಷ್ಯ ಜೋಡಿಯ ಕಥೆ ಬೆಳಕು ಕೊಡುತ್ತದೆ. ಬಾರ್ಟ್ ಎಹ್ರ್‌ಮನ್ ಶಿಕಾಗೊದ ಮೂಡಿ ಬೈಬಲ್ ಇನ್‌ಸ್ಟಿಟ್ಯೂಟಿನಲ್ಲಿ ಓದಿ, ಗ್ರಂಥದಲ್ಲಿ ಒಂದು ತಪ್ಪೂ ಇಲ್ಲವೆಂಬ ನಂಬಿಕೆ ಹೊತ್ತು ಪ್ರಿನ್ಸ್‌ಟನ್ನಿಗೆ ಬಂದ ಯುವಕ. ಮಾರ್ಕನ ಎರಡನೆಯ ಅಧ್ಯಾಯದಲ್ಲಿ ದಾವೀದನು ರೊಟ್ಟಿ ತಿಂದದ್ದು ಎಬ್ಯಾತಾರನ ಕಾಲದಲ್ಲಿ ಎಂದಿದೆ. ಸಮುವೇಲನ ಪುಸ್ತಕದ ಪ್ರಕಾರ ಆಗಿದ್ದ ಯಾಜಕ ಎಬ್ಯಾತಾರನ ತಂದೆ ಅಹೀಮೆಲೆಕ. ಇದನ್ನು ಸರಿಹೊಂದಿಸಲು ಎಹ್ರ್‌ಮನ್ ಉದ್ದನೆಯ ಪ್ರಬಂಧ ಬರೆದರು. ಮಾರ್ಕನೇ ತಪ್ಪಿರಬಹುದಲ್ಲ ಎಂಬ ಅರ್ಥದ ಒಂದು ಸಾಲನ್ನು ಅಧ್ಯಾಪಕರು ಪ್ರಬಂಧದ ಕೊನೆಗೆ ಬರೆದು ಹಿಂದಿರುಗಿಸಿದರು. ಆ ಸಾಲು ತಮ್ಮ ಕಣ್ಣು ತೆರೆಸಿತೆಂದು 2005ರ ತಮ್ಮ ಪುಸ್ತಕದಲ್ಲಿ ಎಹ್ರ್‌ಮನ್ ಹೇಳಿಕೊಂಡಿದ್ದಾರೆ. ಬಹಳ ವರ್ಷಗಳ ಮೇಲೆ ಅವರು ನಂಬಿಕೆಯಿಂದಲೇ ಹೊರಬಂದರು. ಆದರೆ ಅದಕ್ಕೆ ಕಾರಣ ಹಸ್ತಪ್ರತಿಗಳಲ್ಲ, ಲೋಕದಲ್ಲಿರುವ ಸಂಕಟ ಎಂದೂ ಅವರೇ ಹೇಳಿದ್ದಾರೆ. ಅವರ ಗುರು ಬ್ರೂಸ್ ಮೆಟ್ಸ್‌ಗರ್ ಅದೇ ಪ್ರತಿಗಳನ್ನು ಶಿಷ್ಯನಿಗಿಂತ ಹೆಚ್ಚು ಕಾಲ ಶೋಧಿಸಿದವರು. ಅಲ್ಲಿರುವ ಪಾಠಭೇದಗಳನ್ನು ಚೆನ್ನಾಗಿ ಬಲ್ಲ ಅವರು 2007ರಲ್ಲಿ ತೀರಿಕೊಳ್ಳುವವರೆಗೂ ಭಕ್ತರಾಗಿ, ಪ್ರೆಸ್ಬಿಟೇರಿಯನ್ ಪಾದ್ರಿಯಾಗಿ ಉಳಿದರು.

ಹೀಗಾಗಿ ಮನೆಯಲ್ಲಿ ಮಗ ಅಥವಾ ಮಗಳು ಧರ್ಮಗ್ರಂಥದ ಒಂದು ಸಾಲು ತೋರಿಸಿ ಇದು ಹೇಗೆ ಸರಿ ಎಂದು ಕೇಳಿದರೆ ತಂದೆತಾಯಿ ಗಾಬರಿಯಾಗಬೇಕಿಲ್ಲ. ಬಾಯಿ ಮುಚ್ಚಿಸುವ ಮೊದಲು ಒಟ್ಟಿಗೆ ಕುಳಿತು ಮೂರು ವಿಷಯ ವಿಚಾರಿಸಬಹುದು. ಈ ಸಾಲು ಎಲ್ಲ ಪ್ರತಿಗಳಲ್ಲೂ ಹೀಗೆಯೇ ಇದೆಯೇ? ಬರೆದವನು ಲೆಕ್ಕ ಒಪ್ಪಿಸುತ್ತಿದ್ದನೇ, ಕಥೆ ಹೇಳುತ್ತಿದ್ದನೇ, ಹಾಡುತ್ತಿದ್ದನೇ? ಆ ಕಾಲದ ಓದುಗ ಇದನ್ನು ತಪ್ಪೆಂದು ಎಣಿಸುತ್ತಿದ್ದನೇ? ಇವಕ್ಕೆಲ್ಲ ಉತ್ತರ ಸಿಕ್ಕ ಮೇಲೂ ಅಳತೆ ಕೂಡದಿದ್ದರೆ, ಕೂಡಲಿಲ್ಲ ಎಂದು ಹೇಳಿಬಿಡುವುದರಿಂದ ಮಕ್ಕಳ ದೃಷ್ಟಿಯಲ್ಲಿ ಹಿರಿಯರ ಮಾತಿನ ತೂಕ ಕಡಿಮೆಯಾಗುವುದಿಲ್ಲ.

ಬ್ರಿಗ್ಸ್ ಇಬ್ಬರು ವಿದ್ವಾಂಸರೊಡನೆ ಸೇರಿ ಸಿದ್ಧಪಡಿಸಿದ ಹೀಬ್ರೂ ನಿಘಂಟು 1906ರಲ್ಲಿ ಪೂರ್ತಿಯಾಗಿ ಹೊರಬಂತು. ಗ್ರಂಥದಲ್ಲಿ ತಪ್ಪಿದೆ ಎಂದದ್ದಕ್ಕೆ ಚರ್ಚು ಹೊರಗಿಟ್ಟ ವ್ಯಕ್ತಿಯ ಹೆಸರು ಹೊತ್ತ ಆ ನಿಘಂಟು, ಒಂದು ಶತಮಾನ ಕಳೆದರೂ, ಗ್ರಂಥದಲ್ಲಿ ತಪ್ಪೇ ಇಲ್ಲ ಎನ್ನುವ ಸೆಮಿನರಿಗಳ ವಿದ್ಯಾರ್ಥಿಗಳ ಮೇಜಿನ ಮೇಲೂ ಇದೆ.